ಮಾಗಿ ದಾಟಿದ ದಾಳಿಂಬೆ ಕಡ್ಡಿ

ನನ್ನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮ ಕಡೆಯವರಿಗೆ ನನ್ನ ಹುಟ್ಟಿನ ಕಥೆಯೆಲ್ಲ ಒಂದೇ ಸಲಕ್ಕೆ ಗೊತ್ತಾಗಿಬಿಡುತ್ತದೆ. ಮಕ್ಕಳು ನಿಲ್ಲದ ಮನೆಯಲ್ಲಿ ಕೂಸು ಹುಟ್ಟಿದರೆ ಅದನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಟ್ಟು ಬರುತ್ತಿದ್ದ ಕಾಲ ಅದು. ನೆರೆಮನೆಯವಳೊಬ್ಬಳು ಅದನ್ನು ಎತ್ತಿಕೊಂಡು ಬಂದು, "ತಿಪ್ಪೇಲಿ ಸಿಕ್ತು, ಬೇಕೇನವ್ವ?" ಎಂದು ಬಾಗಿಲಲ್ಲಿ ನಿಂತು ಕೇಳಬೇಕು. ಹೆತ್ತವಳು ಒಂದು ಹಿಡಿ ತೌಡು ಕೊಟ್ಟು ತನ್ನ ಕೂಸನ್ನು ತಾನೇ ಕೊಂಡುಕೊಳ್ಳಬೇಕು. ಹೀಗೆ ಕಸದ ಬೆಲೆಗೆ ಬಂದ ಮಗುವಿನ ಮೇಲೆ ಸಾವಿನ ಕಣ್ಣು ಬೀಳುವುದಿಲ್ಲ ಎಂಬ ನಂಬಿಕೆ. ಹೆಸರನ್ನೂ ಅದಕ್ಕೆ ತಕ್ಕ ಹಾಗೆಯೇ ಇಡುತ್ತಿದ್ದರು. ನನಗಿಂತ ಮುಂಚೆ ಎರಡು ಹುಟ್ಟಿ ಮಣ್ಣಾಗಿದ್ದವು. ನನ್ನನ್ನು ತಿಪ್ಪೆಗೆ ಹಾಕಿದರು, ನಾನು ಉಳಿದೆ.

ಅಂದಿನಿಂದ ನಮ್ಮ ಮನೆಯಲ್ಲಿ ತಿಪ್ಪೆಗೆ ಇದ್ದಷ್ಟು ಮರ್ಯಾದೆ ನನಗೆ ಇರಲಿಲ್ಲ. ಅಪ್ಪನ ತಾಯಿ, ನನ್ನ ಅಜ್ಜಿ, ಬಂದವರ ಮುಂದೆಲ್ಲ ನನ್ನನ್ನು ನಿಲ್ಲಿಸಿ, "ನೋಡು, ಇವಳು ನಮ್ಮ ತಿಪ್ಪೆ ಉಳಿಸಿಕೊಟ್ಟ ಮಗ" ಎನ್ನುತ್ತಿದ್ದಳು. ನಮ್ಮ ಕಡೆ ಹೆಣ್ಣನ್ನೂ ಪ್ರೀತಿಗೆ ಮಗ ಎನ್ನುತ್ತಾರೆ. ಅವಳ ಪ್ರೀತಿ ನನ್ನ ಮೇಲೋ ತಿಪ್ಪೆಯ ಮೇಲೋ ಎಂದು ನನಗೆ ಯಾವತ್ತೂ ಗೊತ್ತಾಗಲಿಲ್ಲ.

ನಮ್ಮದು ಚನ್ನಪಟ್ಟಣದಿಂದ ಅಕ್ಕೂರಿನ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಒಂದಿಷ್ಟು ಹೊಲ, ಹಿಪ್ಪುನೇರಳೆ ಕಡ್ಡಿ, ಮನೆಗೆ ಅಂಟಿಕೊಂಡಂತೆ ಮಣ್ಣಿನ ಗೋಡೆಯ ಒಂದು ಹುಳದ ಮನೆ. ವರ್ಷದಲ್ಲಿ ಮೂರು ನಾಲ್ಕು ಸಲ ರೇಷ್ಮೆ ಹುಳ ಮೇಯಿಸುತ್ತಿದ್ದೆವು. ಗೂಡು ಬಿಡಿಸಿದ ಮೇಲೆ ಅಪ್ಪ ಮೂಟೆ ಕಟ್ಟಿ ಕ್ಲೋಸ್‌ಪೇಟೆಗೆ ಒಯ್ಯುತ್ತಿದ್ದ. ಈಗ ರಾಮನಗರ ಎನ್ನುವ ಊರಿಗೆ ಆಗ ಅದೇ ಹೆಸರು. ನನಗೆ ಎಂಟು ವರ್ಷವಿದ್ದಿರಬಹುದು. ನನ್ನ ಹಿಂದೆ ಹುಟ್ಟಿದ ಒಬ್ಬ ತಮ್ಮನಿದ್ದ, ಆಗತಾನೇ ಹಲ್ಲು ಬರುತ್ತಿದ್ದ ಕೂಸು. ನನ್ನಿಂದಲೇ ಮನೆಯ ದೋಷ ಕಳೆಯಿತು ಎಂದುಕೊಂಡು ಅವನನ್ನು ತಿಪ್ಪೆಗೆ ಹಾಕಿರಲಿಲ್ಲ.

ಆ ಆಷಾಢದಲ್ಲಿ ಅವನಿಗೆ ಬೇದಿ ಹತ್ತಿತು. ಗಾಳಿ, ನೊಣ, ಸಾಲದ್ದಕ್ಕೆ ಹಲ್ಲು ಬರುವ ಹೊತ್ತು. ಬೆಳಿಗ್ಗೆ ಅಳುತ್ತಿದ್ದವನು ಮಧ್ಯಾಹ್ನಕ್ಕೆ ಅಳುವುದನ್ನು ಬಿಟ್ಟ. ಪಕ್ಕದ ಊರಿನ ಸೂಲಗಿತ್ತಿ ಬಂದದ್ದು ಹೊತ್ತು ಇಳಿದ ಮೇಲೆ. ಕೂಸಿನ ಹೊಟ್ಟೆಯ ಚರ್ಮ ಹಿಡಿದು ಬಿಟ್ಟಳು. ಮೈಯ ನೀರೆಲ್ಲ ಬತ್ತಿ ಅದು ಹಿಡಿದ ಹಾಗೆಯೇ ನಿಂತಿತು.

"ದಾಳಿಂಬೆ ಸಿಪ್ಪೆ ದೊಡ್ಡೋರಿಗೆ ಸರಿ, ಕೂಸಿಗೆ ತಡೆಯಕಿಲ್ಲ. ಚಿಗುರು ಬೇಕು, ಒಂದ್ ಹಿಡಿ. ಮಜ್ಜಿಗೇಲಿ ಅರೆದು ನಾಲಿಗೆ ಮ್ಯಾಲೆ ಬುಡ್ತೀನಿ. ಬಿರ್ರನೆ ತತ್ತಾ ಹೋಗು" ಎಂದಳು.

ಊರಿಗೆಲ್ಲ ದಾಳಿಂಬೆ ಗಿಡವಿದ್ದದ್ದು ಒಂದೇ, ಪಟೇಲರ ಹಿತ್ತಿಲಲ್ಲಿ. ಅವ್ವ ಓಡಿದಳು, ಅವಳ ಹಿಂದೆ ನಾನು. ನಾವು ಹೋದಾಗ ಪಟೇಲರ ಹೆಂಡತಿ ದೀಪ ಹಚ್ಚಿ, ಹಣೆಗೆ ಹೊಸದಾಗಿ ವಿಭೂತಿ ಇಟ್ಟುಕೊಂಡು ಹೊರಗೆ ಬರುತ್ತಿದ್ದಳು. ಅವ್ವ ವಿಷಯ ಹೇಳಿದಳು. ಆಕೆಯ ಮುಖ ನಿಜವಾಗಿಯೂ ಬಾಡಿತು.

"ಅಯ್ಯೋ, ದೀಪ ಹಚ್ಚಾಯ್ತಲ್ಲವ್ವ. ಈಗ ಗಿಡ ಮುಟ್ಟಂಗಿಲ್ಲ, ಮಲಗಿರ್ತದೆ. ಮಲಗಿರೋ ಗಿಡದ ಸೊಪ್ಪು ಔಸ್ತಿ ಆಗಕಿಲ್ಲ, ಇಸ ಆಗ್ತದೆ. ಕೋಳಿ ಕೂಗ್ತಲೂ ನಾನೇ ಕಿತ್ತು ತತ್ತೀನಿ. ನೀನು ಕೂಸಿನ ತಾವ ಇರು."

ಅವ್ವ ವಾದ ಮಾಡಲಿಲ್ಲ. ದೀಪ ಹಚ್ಚಿದ ಮೇಲೆ ನಮ್ಮ ಮನೆಯಲ್ಲೂ ಒಂದು ಕರಿಬೇವಿನ ಎಸಳು ಕೀಳುತ್ತಿರಲಿಲ್ಲ. ಅದೇ ಮಾತು ಕೇಳಿಕೊಂಡು ಬೆಳೆದವಳು ಅವಳೂ. ತಿರುಗಿ ಬರುವಾಗ ನಾನು ಹಿತ್ತಿಲ ಬೇಲಿಯ ಮೇಲಿಂದ ಆ ಗಿಡವನ್ನು ನೋಡಿದೆ. ಮಳೆಗೆ ತೊಳೆದುಕೊಂಡು ಮೈತುಂಬ ಕೆಂಪು ಚಿಗುರು ಹೊತ್ತು ನಿಂತಿತ್ತು. ಮಲಗಿದ ಹಾಗೆ ನನಗೆ ಕಾಣಲಿಲ್ಲ.

ಆಕೆ ಕೊಟ್ಟ ಮಾತು ತಪ್ಪಲಿಲ್ಲ. ಬೆಳಕು ಹರಿಯುವ ಮುಂಚೆಯೇ ಬಾಳೆ ಎಲೆಯಲ್ಲಿ ಚಿಗುರು ಸುತ್ತಿಕೊಂಡು ತಾನೇ ಬಂದಳು. ಬಂದವಳಿಗೆ ನಮ್ಮ ಬಾಗಿಲಲ್ಲಿ ಜನ ಕೂತಿದ್ದು ಕಂಡಿತು. ಎಲೆಯನ್ನು ಜಗಲಿಯ ಮೇಲಿಟ್ಟು ಸೆರಗು ಬಾಯಿಗೆ ಹಿಡಿದುಕೊಂಡು ಹೊರಟುಹೋದಳು. ಅಪ್ಪ ಕೂಸನ್ನು ಹೊಲದ ಅಂಚಿಗೆ ಹೊತ್ತುಕೊಂಡು ಹೋದಾಗಲೂ, ತಿರುಗಿ ಬಂದಾಗಲೂ ಆ ಸೊಪ್ಪು ಜಗಲಿಯ ಮೇಲೆ ಹಾಗೆಯೇ ಇತ್ತು. ಯಾರೂ ಎತ್ತಲಿಲ್ಲ. ಕೊನೆಗೆ ಮೇಕೆ ತಿಂದಿತು.

ಪಟೇಲರ ಹೆಂಡತಿ ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬೈದುಕೊಂಡು ಇರಬಹುದಿತ್ತು. ಆಕೆ ಒಳ್ಳೆಯವಳು. ಆ ಒಳ್ಳೆಯತನವನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಅವ್ವ ಅಳಲಿಲ್ಲ. ಹೆಂಗಸರು ಆಡಿಕೊಂಡರು, ಕಲ್ಲು ಹೃದಯದವಳು ಎಂದರು. ಸಮಾಧಾನ ಹೇಳಲು ಬಂದವರಿಗೆಲ್ಲ ಅವಳದು ಒಂದೇ ಮಾತು. "ಸೊಪ್ಪೊಂದರಿಂದ ಉಳೀತಿತ್ತಾ? ಆ ಹೊತ್ಗೇ ಹಾಕಿದ್ರೂ ಉಳೀತಿರ್ಲಿಲ್ಲ ಬುಡಿ. ಅವನ ಋಣ ಅಷ್ಟೇ ಇತ್ತು." ಇದನ್ನು ಹೇಳುವಾಗ ನೆಲ ನೋಡುತ್ತಿದ್ದಳು. ಯಾರೂ ಕೇಳದಿದ್ದಾಗಲೂ, ರಾಗಿ ಬೀಸುವಾಗಲೂ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹಾಗೆ ಹೇಳುತ್ತಲೇ, ಅಪ್ಪ ಮುಂದಿನ ಸಲ ಕ್ಲೋಸ್‌ಪೇಟೆಗೆ ಹೊರಟಾಗ, "ಒಂದ್ ದಾಳಿಂಬೆ ಹಣ್ಣು ತನ್ನಿ" ಎಂದಳು. ಅವಳು ಮತ್ತೆ ಬಸುರಿಯಾಗಿದ್ದಳು. ಬಯಕೆ ಇರಬೇಕೆಂದು ಅಪ್ಪ ತಂದುಕೊಟ್ಟ.

ಅವಳು ಒಂದು ಕಾಳೂ ಬಾಯಿಗೆ ಹಾಕಲಿಲ್ಲ. ನನ್ನನ್ನು ಹುಳದ ಮನೆಯ ಹಿಂದೆ ಕೂರಿಸಿ, "ತಿನ್ನು, ಬೀಜ ಅಗೀಬೇಡ, ರಸ ಕುಡಿದು ನನ್ ಕೈಗೆ ಉಗಿ" ಎಂದಳು. ನಾನು ತಿಂದೆ. ಅಷ್ಟು ಸಿಹಿಯಾದದ್ದನ್ನು ಅಲ್ಲಿಯವರೆಗೆ ತಿಂದಿರಲಿಲ್ಲ. ತಮ್ಮ ಸತ್ತು ಒಂದು ತಿಂಗಳೂ ಆಗಿರಲಿಲ್ಲ, ನನಗೆ ಹಬ್ಬವಾಗಿತ್ತು. ಅವ್ವ ಬೊಗಸೆಯೊಡ್ಡಿ ನನ್ನ ಬಾಯನ್ನೇ ನೋಡುತ್ತ ಕೂತಿದ್ದಳು. ಆ ಬೀಜಗಳನ್ನು ಬೂದಿಯಲ್ಲಿ ಉಜ್ಜಿ, ನೆರಳಲ್ಲಿ ಆರಿಸಿ, ಬಾಯೊಡೆದ ಹಳೆಯ ಮಡಕೆಗಳಲ್ಲಿ ಕೆಮ್ಮಣ್ಣು, ಹಳೆ ಗೊಬ್ಬರ ತುಂಬಿ ಹಾಕಿದಳು.

"ಯಾಕವ್ವ?" ಎಂದು ಕೇಳಿದೆ.

"ಇನ್ ಮ್ಯಾಲೆ ಯಾರ ಬಾಗಿಲ್ಗೂ ಹೋಗಕಿಲ್ಲ" ಎಂದಳು. ಮುಂದಿನ ಕೂಸಿಗೆ ಹಲ್ಲು ಬರುವ ಹೊತ್ತಿಗೆ ಒಂದು ಹಿಡಿ ಚಿಗುರು ತನ್ನ ಹಿತ್ತಿಲಲ್ಲೇ ಇರಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಹೂವಲ್ಲ, ಹಣ್ಣಲ್ಲ.

ಗೌರಿ ಹಬ್ಬದ ಹೊತ್ತಿಗೆ ಮೊಳಕೆ ಬಂದವು. ದೀಪಾವಳಿಗೆ ಗೇಣುದ್ದ. ಸಣ್ಣ ಸಣ್ಣ ಎಲೆ, ಕಾಂಡ ಕೆಂಪು ದಾರದಷ್ಟು. ಅವ್ವ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮುಂಚೆ ಅವನ್ನು ನೋಡಿ ಬರುತ್ತಿದ್ದಳು. ಕೋಳಿ ಕೆದಕದಂತೆ ಸುತ್ತ ಮುಳ್ಳು ಇಟ್ಟಳು. ಮೇಕೆಯನ್ನು ಹಿತ್ತಿಲಿಗೆ ಬಿಡುವುದನ್ನು ನಿಲ್ಲಿಸಿದಳು. ಆ ಮೇಕೆಯ ಮೇಲೆ ಅವಳಿಗೆ ಬೇರೆಯೇ ಒಂದು ಸಿಟ್ಟಿತ್ತು.

ಆಮೇಲೆ ಮಾಗಿ ಬಂತು. ಬಯಲುಸೀಮೆಯಲ್ಲಿ ಚಳಿಯೆಲ್ಲಿ ಎನ್ನುವವರು ನಮ್ಮ ಬೆಟ್ಟಗಳ ಬುಡದಲ್ಲಿ ಒಂದು ಮಾರ್ಗಶಿರ ಕಳೆದು ನೋಡಬೇಕು. ಹಗಲಲ್ಲಿ ಕಾದ ಬಂಡೆಗಳು ಬೆಳಗಿನ ಜಾವಕ್ಕೆ ಐಸಿನಂತಾಗಿರುತ್ತವೆ. ಅವುಗಳ ಮೇಲಿಂದ ಇಳಿದು ಬರುವ ಗಾಳಿ ಹೊಲದ ಮೇಲೆ ಮಂಜನ್ನು ಹೊದಿಸುತ್ತದೆ. ಅವರೆ ಹೂವಿಗೆ ಅದು ಒಳ್ಳೆಯದು. ದಾಳಿಂಬೆಯ ಎಳೆಗಿಡಕ್ಕೆ ಅಲ್ಲ. ಮೊದಲು ತುದಿಯ ಎಲೆ ಕೆಂಪಾಯಿತು, ಆಮೇಲೆ ಹಳದಿ, ಆಮೇಲೆ ಮುಟ್ಟಿದರೆ ಉದುರುತ್ತಿತ್ತು. ಒಂದು ಗಿಡದ ಎಲೆ ಪೂರ್ತಿ ಉದುರಿ ಬರೀ ಕಡ್ಡಿ ಉಳಿಯಿತು. ಅವ್ವನ ಹೊಟ್ಟೆ ಆಗಲೇ ಎದ್ದು ಕಾಣುತ್ತಿತ್ತು. ಆ ಹೊಟ್ಟೆ ಹೊತ್ತುಕೊಂಡು ಬಗ್ಗಿ ಬಗ್ಗಿ ಉದುರಿದ ಎಲೆಗಳನ್ನು ಹೆಕ್ಕುತ್ತಿದ್ದಳು.

ಮಡಕೆಗಳನ್ನು ಹುಳದ ಮನೆಯ ಒಳಗೆ ಇಡುತ್ತೇನೆಂದಳು. ಮಾಗಿಯಲ್ಲಿ ಹುಳಕ್ಕೆ ಚಳಿಯಾಗದಂತೆ ಅದರ ಮೂಲೆಯಲ್ಲಿ ಅಗಲವಾದ ಮಡಕೆಯಲ್ಲಿ ಕೆಂಡ ಇಟ್ಟಿರುತ್ತಿದ್ದೆವು. ಒಳಗೆ ಹೋದರೆ ಬೆಚ್ಚಗೆ, ಸೊಪ್ಪು ಮೇಯುವ ಸದ್ದು ಸಣ್ಣ ಮಳೆ ಬಂದ ಹಾಗೆ. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಮಣ್ಣಿನ ಮಡಕೆ ಒಳಕ್ಕೆ ಬಂದ್ರೆ ಇರುವೆ ಬತ್ತವೆ. ಇರುವೆ ಬಂದ್ರೆ ಹುಳ ಉಳೀತವಾ? ಲಕ್ಸ್ಮಿ ಮನೇಲಿ ಕಸ ತಂದು ಮಡಗ್ತೀನಿ ಅಂತೀಯಲ್ಲಮ್ಮಿ!"

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಇರುವೆಯ ಭಯಕ್ಕೆ ಹುಳದ ತಟ್ಟೆ ಇಡುವ ಅಟ್ಟಣೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುತ್ತಿದ್ದೆವು. ಅವ್ವ ಮಡಕೆಗಳನ್ನು ಮತ್ತೆ ಹಿತ್ತಿಲಿಗೆ ಹೊತ್ತಳು. ಆದರೆ ಅವಳ ಮುಖ ನೋಡಿ ಅಜ್ಜಿಗೂ ಏನೋ ಅನ್ನಿಸಿರಬೇಕು. ಒಂದು ಬೆಳಿಗ್ಗೆ ತಿಪ್ಪೆಯ ಹತ್ತಿರ ನಿಂತು ಕರೆದಳು. ಚಳಿಯಲ್ಲಿ ತಿಪ್ಪೆಯಿಂದ ಹಬೆ ಏಳುತ್ತಿತ್ತು.

"ಕೈ ಇಟ್ಟು ನೋಡು, ಹೆಂಗ್ ಬೆಚ್ಗೈತೆ. ಇಲ್ಲಿ ತೋಡಿ ಮಡಕೆ ಕೂರ್ಸು. ಸಾಯೋ ಮಗೀನೇ ಉಳಿಸ್ಕೊಡ್ತು ಇದು, ನಾಕು ಗಿಡ ಉಳಿಸ್ಕೊಡಕಿಲ್ವಾ? ನಿನ್ ಮಗಳು ಎದುರ್ಗೇ ನಿಂತವಳೆ, ನೋಡು."

ಇಬ್ಬರೂ ನನ್ನನ್ನು ನೋಡಿದರು. ನಾನು ಸಾಕ್ಷಿ. ನನ್ನಷ್ಟು ಗಟ್ಟಿಮುಟ್ಟಾದ ಸಾಕ್ಷಿ ಇನ್ನೆಲ್ಲಿ ಸಿಗಬೇಕು? ಅವ್ವ ತಲೆಯಾಡಿಸಿದಳು.

ಹಾಗೆ ಗಿಡಗಳನ್ನು ತಿಪ್ಪೆಗೆ ಹಾಕಿದರು. ಸಗಣಿ, ಹುಳ ತಿಂದು ಬಿಟ್ಟ ಸೊಪ್ಪಿನ ದಂಟು, ಹುಳದ ಹಿಕ್ಕೆ, ಒಲೆ ಬೂದಿ ಎಲ್ಲ ಬಿದ್ದು ಬೆಂದು ಕಪ್ಪಾಗಿದ್ದ ಗುಡ್ಡೆ ಅದು. ಅಜ್ಜಿ ಗುದ್ದಲಿಯಿಂದ ಗುಳಿ ತೆಗೆದಳು, ಅವ್ವ ಮಡಕೆಗಳನ್ನು ಕುತ್ತಿಗೆಯವರೆಗೆ ಹೂತಳು. ಅಜ್ಜಿ ಒಂದು ಹಿಡಿ ತೌಡನ್ನೂ ತಂದು ಚೆಲ್ಲಿದಳು, ಶಾಸ್ತ್ರಕ್ಕೆ ಕೊರತೆ ಬೇಡ ಎಂದು. ಎಲೆಯುದುರಿದ ಆ ಒಂದು ಕಡ್ಡಿಯನ್ನು ಮಾತ್ರ, "ಇದು ಸತ್ತೈತೆ, ಇದ್ಯಾಕೆ?" ಎಂದು ಪಕ್ಕಕ್ಕೆ ಸರಿಸಿದಳು. ಅವ್ವ ಅದನ್ನು ಬಿಸಾಡಲು ಮನಸ್ಸಾಗದೆ ಮಡಕೆ ಸಮೇತ ಹುಳದ ಮನೆಯ ಹೊರಗೋಡೆಗೆ ಒರಗಿಸಿ ಇಟ್ಟಳು. ಒಳಗೆ ಕೆಂಡದ ಮಡಕೆ ಇದ್ದದ್ದು ಆ ಮೂಲೆಯಲ್ಲೇ. ಆಗ ಅದು ಯಾರ ತಲೆಗೂ ಹೋಗಲಿಲ್ಲ.

ನಾಲ್ಕಾರು ದಿನ ಎಲ್ಲವೂ ಚೆನ್ನಾಗಿತ್ತು. ಎಲೆ ಉದುರುವುದು ನಿಂತಿತು. ಅವ್ವ ಬೆಳಿಗ್ಗೆ ಮಡಕೆಯ ಮಣ್ಣು ಮುಟ್ಟಿ, "ಬೆಚ್ಗಿದಾವೆ ಕಣೆ" ಎಂದು ನನಗೆ ಹೇಳುತ್ತಿದ್ದಳು. ತಮ್ಮ ಹೋದ ಮೇಲೆ ಅವಳ ಮುಖದಲ್ಲಿ ಅಂಥ ನಗು ಕಂಡದ್ದು ಆಗಲೇ. ಅಜ್ಜಿಯಂತೂ ತಿಪ್ಪೆಗೆ ಕೈ ಮುಗಿದು ಹೋಗುತ್ತಿದ್ದಳು.

ಆಮೇಲೆ ಎಲೆಗಳು ಜೋತುಬಿದ್ದವು. ನೀರು ಕಡಿಮೆಯಾಯಿತೆಂದು ಅವ್ವ ನೀರು ಹಾಕಿದಳು. ಇನ್ನೂ ಜೋತವು. ಕಾಂಡ ಬುಡದಿಂದ ಕಪ್ಪಾಗುತ್ತ ಮೇಲೇರಿತು. ಅವಳು ಒಂದು ಮಡಕೆಯನ್ನು ಕಿತ್ತು ಎತ್ತಿದಾಗ ಕೈ ಸುಟ್ಟು ಕೆಳಗೆ ಬಿಟ್ಟಳು. ಮಡಕೆ ಒಡೆದು ಮಣ್ಣು ಚೆಲ್ಲಿತು. ಆ ಮಣ್ಣಿನಿಂದ ಹಬೆ ಬರುತ್ತಿತ್ತು. ಬೇರುಗಳು ಬೆಂದ ಶಾವಿಗೆಯ ಹಾಗೆ ಮೆತ್ತಗಾಗಿ, ಹಿಡಿದರೆ ಬೆರಳಿಗೆ ಅಂಟಿಕೊಳ್ಳುತ್ತಿದ್ದವು. ಎಲ್ಲ ಮಡಕೆಗಳದ್ದೂ ಅದೇ ಕಥೆ. ಹೊಸ ಸಗಣಿ ಬೀಳುವ ತಿಪ್ಪೆ ಒಳಗೆ ಬೇಯುತ್ತಿರುತ್ತದೆ ಎಂಬುದು ರೈತರ ಮನೆಯ ಯಾರಿಗೆ ಗೊತ್ತಿಲ್ಲ? ಹೊಲಕ್ಕೆ ಹಾಕುವ ಮುಂಚೆ ಗೊಬ್ಬರ ತಣ್ಣಗಾಗಲೆಂದು ಕಾಯುತ್ತಿದ್ದವರೇ ನಾವು. ಗೊತ್ತಿದ್ದೂ ಹಾಕಿದರು. ಯಾಕೆಂದರೆ ಅದು ಅವರಿಗೆ ಗೊಬ್ಬರವಾಗಿರಲಿಲ್ಲ, ನನ್ನನ್ನು ಉಳಿಸಿದ ದೇವರಾಗಿತ್ತು.

ಅವ್ವ ಬೆಂದ ಬೇರುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. ಆ ನೋಟ ನನಗೆ ಅರ್ಥವಾಯಿತು. ತಿಪ್ಪೆ ಉಳಿಸುವುದಿಲ್ಲ ಎಂದಾದರೆ ಇವಳು ಹೇಗೆ ಉಳಿದಳು? ಇವಳು ಸುಮ್ಮನೆ ಉಳಿದಳು, ಅವನು ಸುಮ್ಮನೆ ಹೋದ ಎಂದಾದರೆ ಹೊಟ್ಟೆಯಲ್ಲಿರುವುದನ್ನು ಉಳಿಸುವುದು ಯಾವುದು? ಆ ಮಧ್ಯಾಹ್ನ ನಾನು ಒಬ್ಬಳೇ ಹೋಗಿ ತಿಪ್ಪೆಯ ಮೇಲೆ ಬರಿಗಾಲಲ್ಲಿ ನಿಂತೆ. ಅಂಗಾಲು ಸುಡುವವರೆಗೆ ನಿಂತಿದ್ದೆ. ಹುಟ್ಟಿದ ಕೂಸಾಗಿ ನಾನು ಇಲ್ಲಿ ಮಲಗಿದ್ದಾಗ ನೆರೆಮನೆಯವಳು ಒಸಿ ತಡವಾಗಿ ಬಂದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ಭಯವಾಯಿತು. ಅಂದಿನಿಂದ ಅಜ್ಜಿ ನನ್ನನ್ನು ಬಂದವರ ಮುಂದೆ ನಿಲ್ಲಿಸಿದರೆ ನಾನು ಓಡಿಹೋಗುತ್ತಿದ್ದೆ.

ಗೋಡೆಗೆ ಒರಗಿಸಿದ ಕಡ್ಡಿ ನೆನಪಾದದ್ದು ಒಡೆದ ಮಡಕೆಗಳನ್ನು ಎತ್ತಿಹಾಕುವಾಗ. ಅವ್ವ ಉಗುರಿನಿಂದ ಅದರ ತೊಗಟೆ ಗೀರಿದಳು. ಒಳಗೆ ಹಸಿರಿತ್ತು. ಅವಳು ಮಡಕೆಯ ಹಿಂದಿನ ಗೋಡೆ ಮುಟ್ಟಿದಳು, ನನ್ನ ಕೈಯನ್ನೂ ಎಳೆದು ಮುಟ್ಟಿಸಿದಳು. ಮಣ್ಣಿನ ಗೋಡೆ ಜ್ವರ ಇಳಿಯುತ್ತಿರುವ ಮೈಯಷ್ಟು ಬೆಚ್ಚಗಿತ್ತು. ಸುಡುವ ಬಿಸಿಯಲ್ಲ, ಇದೆಯೋ ಇಲ್ಲವೋ ಎನ್ನುವಷ್ಟು. ಅವಳು ಆ ಕಡ್ಡಿಯ ಸುತ್ತ ರಾಗಿ ಹುಲ್ಲು ಸುತ್ತಿ, ಮೇಲೆ ಒಂದು ಹಳೆಯ ಮಂಕರಿ ಬುಟ್ಟಿ ಕವುಚಿ, ಬಿಸಿಲೇರಿದಾಗ ತೆಗೆದು, ಹೊತ್ತು ಇಳಿಯುವ ಮುಂಚೆ ಮುಚ್ಚಿ ಆ ಮಾಗಿಯನ್ನು ದಾಟಿಸಿದಳು. ನೀರು ಮಾತ್ರ ಎಣ್ಣೆ ಹಾಕಿದ ಹಾಗೆ ಒಸಿ ಒಸಿ. ಶಿವರಾತ್ರಿ ಕಳೆದ ಮೇಲೆ ಗಿಣ್ಣಿನಲ್ಲಿ ಸಾಸಿವೆಯಷ್ಟು ಕೆಂಪು ಕಂಡಿತು. ಅದನ್ನು ನನಗೆ ತೋರಿಸಲಿಲ್ಲ, ಅಜ್ಜಿಗೂ ತೋರಿಸಲಿಲ್ಲ. ಕಣ್ಣು ಬಿದ್ದೀತೆಂದು ಮಂಕರಿ ತೆಗೆಯದೆ ಇಟ್ಟಿದ್ದಳು. ನಾನೇ ಕದ್ದು ನೋಡಿದೆ.

ಚೈತ್ರದಲ್ಲಿ ಕೂಸು ಹುಟ್ಟಿತು, ಗಂಡು. ಮೈ ತೊಳೆದದ್ದೇ ತಡ ಅಜ್ಜಿ ಮೊರ ತಂದಳು. ನೆರೆಮನೆಯವಳಿಗೂ ಹೇಳಿ ಕಳಿಸಿದ್ದಳು, ಆಕೆ ಅಂಗಳದಲ್ಲಿ ಕಾಯುತ್ತಿದ್ದಳು. ಅವ್ವ ಕೂಸನ್ನು ಎದೆಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದಳು.

"ಕೊಡಕಿಲ್ಲ" ಎಂದಳು.

"ಏನಂದೆ?"

"ತಿಪ್ಪೆಗೆ ನನ್ ಕೂಸ ಕೊಡಕಿಲ್ಲ ಅತ್ತೆ. ಗಿಡ ಬೇಯ್ಸಿದ್ದು ಕಣ್ಣಾರೆ ನೋಡಿವ್ನಿ."

"ಗಿಡಕ್ಕೂ ಕೂಸಿಗೂ ಏನಮ್ಮಿ ಸಂಬಂಧ?"

"ಸಂಬಂಧ ಕಟ್ಟಿದ್ದು ನೀವೇ ಅಲ್ವಾ?"

ಸೊಸೆ ಅತ್ತೆಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಜ್ಜಿಗೆ ಸಿಟ್ಟಿಗಿಂತ ಹೆಚ್ಚಾಗಿ ಗಾಬರಿಯಾಯಿತು. ಮೊರ ಹಿಡಿದುಕೊಂಡೇ ಅಪ್ಪನ ಕಡೆ ನೋಡಿದಳು. ಅಪ್ಪ ಹುಳಕ್ಕೆ ಸೊಪ್ಪು ತರುವ ನೆವ ಹೇಳಿ ಹೊರಗೆ ಹೋದ. ಕಷ್ಟದ ಮಾತು ಬಂದಾಗಲೆಲ್ಲ ನಮ್ಮಪ್ಪನಿಗೆ ಸೊಪ್ಪಿನ ನೆನಪಾಗುತ್ತಿತ್ತು. ಅಜ್ಜಿ ಮೊರವನ್ನು ಗೋಡೆಗೆ ನೇತುಹಾಕಿ, "ನಾಳೆ ಏನಾರ ಆದ್ರೆ ನನ್ ಮೇಲೆ ಹಾಕ್ಬೇಡಿ" ಎಂದಳು. ಊರಿಗೂ ವಿಷಯ ಹರಡಿತು. ಇನ್ನು ಈ ಕೂಸಿಗೆ ಏನಾದರೂ ಆದರೆ ಅದು ಯಾರ ತಪ್ಪು ಎಂದು ಎಲ್ಲರಿಗೂ ಮೊದಲೇ ಗೊತ್ತಿತ್ತು.

ಆ ವರ್ಷ ಪೂರ್ತಿ ಅವ್ವ ಎರಡನ್ನು ಸಾಕಿದಳು, ಒಂದು ಕಂಕುಳಲ್ಲಿ, ಒಂದು ಮಡಕೆಯಲ್ಲಿ. ಗಿಡ ಮೊಣಕಾಲೆತ್ತರವಾಯಿತು. ನಾಲ್ಕು ಸಣ್ಣ ಕವಲು. ಒಂದು ಎಲೆಯನ್ನೂ ಯಾರೂ ಕೀಳುವಂತಿರಲಿಲ್ಲ. ಮತ್ತೆ ಮಾಗಿ ಬಂದಾಗ ಅವಳಿಗೆ ದಾರಿ ಗೊತ್ತಿತ್ತು. ಮಂಜು ಬೀಳುವ ಮುಂಚೆಯೇ ಮಡಕೆ ಆ ಗೋಡೆಯ ಮೂಲೆ ಸೇರಿತು, ಹುಲ್ಲು, ಮಂಕರಿ ಎಲ್ಲ ಸಿದ್ಧ. ಒಳಗೆ ಕೆಂಡ ಆರದಂತೆ ಅಜ್ಜಿಗಿಂತ ಹೆಚ್ಚು ಕಾಳಜಿ ಮಾಡುತ್ತಿದ್ದವಳು ಅವಳು. ಹುಳದ ಮೇಲೆ ಸೊಸೆಗೆ ಭಕ್ತಿ ಬಂತೆಂದು ಅಜ್ಜಿ ಸಂತೋಷಪಟ್ಟಳು. ಗಿಡ ಒಂದು ಎಲೆಯನ್ನೂ ಉದುರಿಸಲಿಲ್ಲ. ಗೋಡೆಯ ಬಿಸಿಗೆ ಋತು ಮರೆತು ತುದಿಯಲ್ಲಿ ಕೆಂಪು ಚಿಗುರನ್ನೂ ಬಿಟ್ಟಿತು. ಒಟ್ಟು ಸೇರಿಸಿದರೆ ಒಂದು ಹಿಡಿಯಾದೀತು. ನಮ್ಮ ಕೂಸಿಗೂ ಆಗಲೇ ಹಲ್ಲು ಮೂಡುತ್ತಿತ್ತು, ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿತ್ತು. ಅವ್ವ ಅವನ ಒದ್ದೆ ಬಟ್ಟೆಯನ್ನು ದಿನಕ್ಕೆ ಎಷ್ಟು ಸಲ ಮೂಸಿ ನೋಡುತ್ತಿದ್ದಳೋ.

ಪುಷ್ಯದ ಒಂದು ಸಂಜೆ. ಅಜ್ಜಿ ಆಗತಾನೇ ದೀಪ ಹಚ್ಚಿ ಲಿಂಗಪೂಜೆಗೆ ಕೂತಿದ್ದಳು. ಅಂಗಳದಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಪಟೇಲರ ಹೆಂಡತಿ. ಸೆರಗು ತಲೆಯ ಮೇಲೆ ನಿಲ್ಲುತ್ತಿರಲಿಲ್ಲ. ನಮ್ಮ ಮನೆಗೆ ಆಕೆ ಬಂದದ್ದು ಆ ಬೆಳಗಿನ ನಂತರ ಅದೇ ಮೊದಲು. ಜಗಲಿ ಹತ್ತಲಿಲ್ಲ.

"ನನ್ ಮೊಮ್ಮಗೀಗೆ ಬೆಳಗಿಂದ ಬೇದಿ ಕಣವ್ವ. ಕಣ್ಣೇ ಬುಡ್ತಿಲ್ಲ. ಸೂಲಗಿತ್ತಿ ಬಂದವಳೆ, ಚಿಗುರು ಅಂತಾಳೆ. ನಮ್ ಗಿಡ..." ಎಂದು ನಿಲ್ಲಿಸಿದಳು.

ಅವರ ಗಿಡದ ಸ್ಥಿತಿ ಊರಿಗೇ ಗೊತ್ತಿತ್ತು. ಯುಗಾದಿಗೆ ಹೂ ಹಿಡಿಯಲೆಂದು ಪ್ರತಿ ಮಾಗಿಯಲ್ಲೂ ಅದರ ಬುಡ ಬಿಡಿಸಿ ನೀರು ಹಾಕುವುದನ್ನು ನಿಲ್ಲಿಸುತ್ತಿದ್ದರು. ಎಲೆಯೆಲ್ಲ ಉದುರಿ ಮುಳ್ಳು ಮಾತ್ರ ಉಳಿದಿರುತ್ತಿತ್ತು.

ಆಕೆ ಒಮ್ಮೆ ಒಳಗೆ ಉರಿಯುತ್ತಿದ್ದ ದೀಪ ನೋಡಿದಳು, ಒಮ್ಮೆ ಅವ್ವನನ್ನು ನೋಡಿದಳು. ಏನು ಕೇಳುತ್ತಿದ್ದೇನೆಂದು ಆಕೆಗೆ ಗೊತ್ತಿತ್ತು. ಕೇಳದೆ ಬೇರೆ ದಾರಿಯಿರಲಿಲ್ಲ.

ಅಜ್ಜಿ ಪೂಜೆಯಿಂದ ಎದ್ದು ಬಂದು ಅವ್ವನ ಬೆನ್ನ ಹಿಂದೆ ನಿಂತಳು. ಮೆಲ್ಲಗೆ, ಆದರೆ ಅಂಗಳಕ್ಕೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ದೀಪ ಹಚ್ಚಾಗೈತೆ ಅನ್ನು. ಬೆಳಿಗ್ಗೆ ಬನ್ನಿ ಅನ್ನು."

ನನಗೂ ಅದೇ ಬೇಕಾಗಿತ್ತು. ಸುಳ್ಳು ಹೇಳುವುದಿಲ್ಲ. ಅವ್ವ ಆ ಮಾತು ಹೇಳಲಿ, ಆಕೆ ತಿರುಗಿ ಹೋಗುವಾಗ ಬೇಲಿಯ ಮೇಲಿಂದ ನಮ್ಮ ಚಿಗುರು ಮುಚ್ಚಿದ ಮಂಕರಿ ನೋಡಲಿ ಎಂದು ನಾನು ಕಾಯುತ್ತಿದ್ದೆ. ಅಜ್ಜಿಯ ಮೇಲೆ ನನಗೆ ಪೂರ್ತಿ ಪ್ರೀತಿ ಬಂದದ್ದು ಆ ಒಂದು ಗಳಿಗೆಯಲ್ಲೇ ಇರಬೇಕು.

ಅವ್ವ ಕಂಕುಳಲ್ಲಿದ್ದ ನಮ್ಮ ಕೂಸನ್ನು ಮೇಲಕ್ಕೆ ಸರಿಸಿಕೊಂಡಳು.

"ಎಷ್ಟ್ ತಿಂಗಳ ಮಗ, ಅಮ್ಮಾರೇ?" ಎಂದು ಕೇಳಿದಳು.

"ಹತ್ತು ತುಂಬ್ತವ್ವ."

ನನ್ನ ತಮ್ಮ ಹೋದದ್ದೂ ಅದೇ ವಯಸ್ಸಿನಲ್ಲಿ. ಅವ್ವ ಹಿತ್ತಿಲಿಗೆ ಹೋದಳು. ಮಂಕರಿ ಎತ್ತಿ ಪಕ್ಕಕ್ಕಿಟ್ಟ ಸದ್ದು ಕೇಳಿತು. ನಾನು ಹಿಂದೆ ಓಡಿದೆ. ಮಬ್ಬಿನಲ್ಲಿ ಬಗ್ಗಿ ತುದಿಯ ಚಿಗುರು ಮಾತ್ರ ಕೀಳುತ್ತಿದ್ದಾಳೆ, ಉಳಿದದ್ದು ನಮ್ಮ ಕೂಸಿಗೆ ಬಿಡುತ್ತಾಳೆ ಎಂದುಕೊಂಡೆ. ಚಿಗುರು ಮುಗಿಯಿತು. ಹಿಡಿ ತುಂಬಲಿಲ್ಲ. ಅವಳು ಒಂದು ಕ್ಷಣ ತಡೆದು, ಕೂಸಿನ ಹಣೆ ಮೂಸಿ, ಆಮೇಲೆ ಎಳೆಯ ಎಲೆಗಳನ್ನೂ ಕಿತ್ತಳು. ಕೊನೆಗೆ ನಾಲ್ಕು ಕವಲೂ ಬೋಳಾದವು. ಹಿಂದಿನ ಮಾಗಿಯಲ್ಲಿ ಸತ್ತಿತೆಂದು ಅಜ್ಜಿ ಸರಿಸಿದಾಗ ಹೇಗಿತ್ತೋ ಹಾಗೆಯೇ ಆಯಿತು ಗಿಡ.

ಪಟೇಲರ ಹೆಂಡತಿ ಸೆರಗೊಡ್ಡಿ ಇಸಿದುಕೊಂಡಳು. ಏನೋ ಹೇಳಲು ಹೋದಳು. "ಮಾತು ಆಮೇಲೆ, ನಡೀರಿ ಅಮ್ಮಾರೇ, ಬಿರ್ರನೆ ನಡೀರಿ" ಎಂದು ಅವ್ವ ಅವಳನ್ನು ಅಟ್ಟಿದಳು. ಅಜ್ಜಿ ಒಳಗೆ ಹೋಗಿ ಮಲಗಿಬಿಟ್ಟಳು, ಊಟಕ್ಕೂ ಏಳಲಿಲ್ಲ. ನಾನು ಅವ್ವನ ಹತ್ತಿರ ಮಾತು ಬಿಟ್ಟೆ.

ನಮ್ಮ ಕೂಸಿಗೆ ಅಂದು ಏನೂ ಆಗಲಿಲ್ಲ. ಮುಂದೆಯೂ ಆಗಲಿಲ್ಲ. ತಿಪ್ಪೆಯ ಹಂಗೂ ಇಲ್ಲದೆ, ಸೊಪ್ಪಿನ ಹಂಗೂ ಇಲ್ಲದೆ ಅವನು ಬೆಳೆದು ದೊಡ್ಡವನಾದ. ಅಷ್ಟು ಸಲೀಸಾಗಿ ಬದುಕಿದ್ದಕ್ಕೆ ಅಜ್ಜಿ ಅವನನ್ನು ಕೊನೆಯವರೆಗೂ ಒಂದು ಥರ ಅನುಮಾನದಿಂದಲೇ ನೋಡುತ್ತಿದ್ದಳು.

ಮಾರನೆಯ ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಅವ್ವ ನನ್ನನ್ನು ಎಬ್ಬಿಸಿ, "ಪಟೇಲರ ಮನೆ ಮುಂದೆ ಜನ ಕೂತವರಾ ನೋಡ್ಕೊಂಡು ಬಾ" ಎಂದಳು. ಅಷ್ಟೇ. ಕೂಸು ಹೇಗಿದೆ ಕೇಳು ಎನ್ನಲಿಲ್ಲ. ನಾನು ಮುಖ ಊದಿಸಿಕೊಂಡೇ ಹೋದೆ. ಬಾಗಿಲಲ್ಲಿ ಜನವಿರಲಿಲ್ಲ. ಜಗಲಿಯ ಮೇಲೆ ಸೊಸೆ ಕೂತು ಮಗುವಿಗೆ ಹಾಲು ಕೊಡುತ್ತಿದ್ದಳು. ಮಗುವಿನ ಕಾಲು ಸೆರಗಿನ ಹೊರಗೆ ಒದೆಯುತ್ತಿತ್ತು. ಪಟೇಲರ ಹೆಂಡತಿ ನನ್ನನ್ನು ಕಂಡು ಓಡಿಬಂದು, ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. "ಮೂರು ಸಲ ನಾಲಿಗೆಗೆ ಬುಟ್ಟಿದ್ದು, ನಿಂತೋಯ್ತು ಅಂತ ನಿಮ್ಮವ್ವಂಗೆ ಹೇಳು ಮಗ" ಎಂದಳು.

ನಾನು ಬಂದಾಗ ಅವ್ವ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಗೋಡೆಯ ಹತ್ತಿರ ಬೋಳು ಗಿಡಕ್ಕೆ ಹುಲ್ಲು ಸುತ್ತುತ್ತಿದ್ದಳು. ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ. ಒಳ್ಳೆಯ ಸುದ್ದಿ, ಅವ್ವ ನಗುತ್ತಾಳೆ ಎಂದುಕೊಂಡಿದ್ದೆ. ಅವಳ ಕೈ ಹುಲ್ಲಿನ ಮೇಲೆ ನಿಂತಿತು.

"ನಿಂತೋಯ್ತಾ?"

"ಹೂಂ. ಹಾಲು ಕುಡೀತಾ ಐತೆ."

"ರಾತ್ರಿ ಕಿತ್ತ ಸೊಪ್ಗೇ ನಿಂತ್ತಾ?"

"ಹೂಂ ಕಣವ್ವ."

"ಹಂಗಾರೆ ಉಳೀತಿದ್ದ" ಎಂದಳು.

ಯಾರು ಎಂದು ಕೇಳಬೇಕಾಗಿರಲಿಲ್ಲ. ಒಂದೂವರೆ ವರ್ಷದಿಂದ ರಾಗಿ ಕಲ್ಲಿಗೂ ನೆಲಕ್ಕೂ ಬಂದವರಿಗೂ ಅವಳು ಹೇಳಿಕೊಂಡು ಬಂದಿದ್ದ ಆ ಒಂದು ಮಾತು ಅಂದಿಗೆ ಮುಗಿಯಿತು. ಅಜ್ಜಿ ಎಲ್ಲಿದ್ದಳೋ ಬಂದು ಕೂಸನ್ನು ಅವಳ ಕಂಕುಳಿಂದ ತೆಗೆದುಕೊಂಡಳು. ಅವ್ವ ಬೆಚ್ಚಗಿದ್ದ ಆ ಗೋಡೆಗೆ ಹಣೆ ಹಚ್ಚಿ, ಸತ್ತ ಮಗನಿಗಾಗಿ ಮೊದಲ ಸಲ ಅತ್ತಳು.